ನೀನು ಅವರ ಮನೆಯಲ್ಲಿಟ್ಟ ರೆಕಾರ್ಡ್ ಪ್ಲೇಯರ್

ಹೊಲಿಗೆ ಅಂಗಡಿಯ ಮೇಲಿನ ಕೋಣೆ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೆಲ್ಲಮ್ಮನಿಗೆ,

ನಾನು ನಿನ್ನ ಕ್ಷೇಮ ವಿಚಾರಿಸುವ ಮುಂಚೆ ನೀನು ನನ್ನನ್ನು ಬೈದುಬಿಡು, ಆ ಕೆಲಸವೊಂದು ಮುಗಿದುಹೋಗಲಿ. ನಿನ್ನ ಎರಡೂ ಕಾಗದ ಬಂದು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಗುಂಡಿ, ಹುಕ್ಕುಗಳ ಜೊತೆ ಕೂತಿವೆ. ಪುರುಸೊತ್ತಾಗಲಿಲ್ಲ ಎಂದರೆ ನೀನು ನಂಬುವವಳಲ್ಲ. ಶಾಲೆಯ ಸಮವಸ್ತ್ರದ ರಾಶಿ ತಲೆಯ ಮಟ್ಟಕ್ಕೆ ಬಂದಿತ್ತು, ಅದೂ ನಿಜವೇ. ಆದರೆ ಪೆನ್ನು ಹಿಡಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಮುಚ್ಚಿಟ್ಟು ಕತ್ತರಿ ಹಿಡಿಯುತ್ತಿದ್ದೆ. ಇವತ್ತು ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಇನ್ನು ಒಳಗಿಟ್ಟುಕೊಳ್ಳಲು ಜಾಗವಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೊಸ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆದರೂ ಕಾಲಿಗೆ ಬಿಡುವಿಲ್ಲ ಎಂದು ಬರೆದಿದ್ದೀಯ. ಕ್ವಾರ್ಟರ್ಸಿನ ಗೋಡೆ ಎಷ್ಟು ತೆಳುವೆಂದರೆ ಪಕ್ಕದವರು ಆಕಳಿಸಿದರೂ ಕೇಳುತ್ತದೆ ಎಂದೂ ಬರೆದಿದ್ದೀಯ. ಅಲ್ಲೂ ನೀನು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಲೇ ಓಡಾಡುತ್ತಿರಬೇಕು. ಇಲ್ಲಿ ನಾನು ವಾಲ್ಯೂಮ್ ತಿರುವಿದಾಗಲೆಲ್ಲ ಹಾಗೆ ಅಂದು ಅಂದೇ ತಾನೇ ನಿನಗೆ ಆ ಹೆಸರು ಅಂಟಿಕೊಂಡದ್ದು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಮ್ಮವರು ಸ್ವಲ್ಪ ಹೆಚ್ಚೇ ಚೆನ್ನಾಗಿದ್ದಾರೆ. ಭಾನುವಾರ ಮಧ್ಯಾಹ್ನ ಮನೆ ತುಂಬ ಜನ ಇರುವುದಿಲ್ಲವಲ್ಲ, ಊಟ ಮಾಡಿ ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ.

ಹೌದು, ಹಾಡು ಕೇಳುವ ನಮ್ಮ ಭಾನುವಾರದ ಕೂಟ ಈಗ ಈ ಕೋಣೆಯಲ್ಲಿ ನಡೆಯುವುದಿಲ್ಲ. ಕೂಟಕ್ಕೆ ಹೊಸಬರಾದ ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ ನಡೆಯುತ್ತದೆ. ನೀನು ಹೊರಡುವಾಗ ನಿನ್ನ ಅಪ್ಪನ ಕಾಲದ ರೆಕಾರ್ಡ್ ಪ್ಲೇಯರನ್ನೂ ವಾಲ್ವಿನ ಆಂಪ್ಲಿಫೈಯರನ್ನೂ ರೆಕಾರ್ಡುಗಳನ್ನೂ ಎಲ್ಲಿ ಬಿಟ್ಟು ಹೋದೆಯೋ ಅಲ್ಲಿ.

ಕಾರಣ ಹೇಳಿದ್ದೆ ನೀನು, ಮರೆತಿಲ್ಲ. ನನ್ನ ಕೋಣೆಯಲ್ಲಿ ದಾರದ ಧೂಳು, ಇಸ್ತ್ರಿ ಪೆಟ್ಟಿಗೆಯ ಬಿಸಿ, ಮಹಡಿಯ ಕಡಿದಾದ ಮೆಟ್ಟಿಲು. ಅವರದು ನೆಲಮಹಡಿ, ಒಣಗಿದ ಗೋಡೆ, ಕಿಟಕಿಗೆ ದಪ್ಪ ಪರದೆ. ‘ಜೋಪಾನ ಮಾಡಲಿ ಅಂತ ಅಷ್ಟೇ ಕಣೇ’ ಎಂದೆ. ನಾನೂ ದೊಡ್ಡ ಮನಸ್ಸಿನವಳ ಹಾಗೆ ‘ಅದಕ್ಕೇನಂತೆ’ ಎಂದೆ. ಆ ದೊಡ್ಡ ಮನಸ್ಸು ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಮುಗಿದಿತ್ತು. ನಿನ್ನ ಅತ್ತೆಗೆ ಸದ್ದು ಆಗದು ಎಂದು ಇಷ್ಟು ವರ್ಷ ಆ ಪ್ಲೇಯರ್ ನಿನ್ನ ಮನೆಯ ಅಟ್ಟದಲ್ಲಿ ಬಟ್ಟೆ ಹೊದ್ದು ಮಲಗಿತ್ತು. ರೆಕಾರ್ಡುಗಳನ್ನು ಮಾತ್ರ ಚೀಲದಲ್ಲಿ ಹೊತ್ತು ತಂದು ನನ್ನ ಪ್ಲೇಯರಿನಲ್ಲಿ ಹಾಕಿಸುತ್ತಿದ್ದೆ. ಅದು ಅಟ್ಟದಿಂದ ಇಳಿಯುವ ದಿನ ಬಂದರೆ ನನ್ನ ಮನೆಗೇ ಬರುತ್ತದೆ ಎಂದು ನಾನು ಮೂಲೆಯಲ್ಲಿ ಮೇಜೊಂದನ್ನು ಖಾಲಿ ಇಟ್ಟಿದ್ದೆ. ಅದರ ಮೇಲೆ ಈಗ ಹೊಲಿಯದ ರವಿಕೆಗಳಿವೆ.

ಮೊದಲ ಭಾನುವಾರ ಹೋದೆ. ಹೋಗಬಾರದಿತ್ತು, ಆದರೆ ಹೋಗದಿದ್ದರೆ ‘ಅವಳಿಗೆ ಹೊಟ್ಟೆಕಿಚ್ಚು’ ಅನ್ನುತ್ತಾರೆ. ಅನ್ನಲಿ, ಇದ್ದದ್ದು ಇದ್ದೇ ಇದೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ನಮ್ಮ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಮನೆಗೆ ಬನಿಯನ್ನಿನ ಮೇಲೆ ಟವೆಲ್ ಹೊದ್ದು ಬರುತ್ತಿದ್ದ ಮನುಷ್ಯ ಕಣೇ. ಬಸ್ಸು ಓಡಿಸುವ ಡ್ರೈವರಣ್ಣನ ವಿಷಯ ಕೇಳಿದರೆ ನಿನಗೆ ನಗು ಬರುತ್ತದೆ. ನನ್ನ ಕೋಣೆಯಲ್ಲಿ ಮೊದಲ ಹಾಡಿಗೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದವನು ಅಲ್ಲಿ ಕೊನೆಯವರೆಗೂ ಎಚ್ಚರವಾಗಿದ್ದ. ಎಚ್ಚರವಾಗಿದ್ದದ್ದಷ್ಟೇ ಅಲ್ಲ, ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕಿದ. ನನಗೆ ಅದನ್ನು ನೋಡುವುದಕ್ಕಾಗಲಿಲ್ಲ.

ನಮ್ಮ ನಿಯಮಗಳನ್ನೆಲ್ಲ ಡಾಕ್ಟರಮ್ಮ ಹಾಗೇ ಉಳಿಸಿಕೊಂಡಿದ್ದಾರೆ. ಆಂಪ್ಲಿಫೈಯರಿನ ಗಾಜಿನ ವಾಲ್ವು ಬಿಸಿಯಾಗುವವರೆಗೆ ಎಷ್ಟು ಬೇಕಾದರೂ ಹರಟಬಹುದು, ಕೆಂಪಗೆ ಹೊಳೆಯಲು ಶುರುವಾದ ಮೇಲೆ ತುಟಿ ಬಿಚ್ಚುವ ಹಾಗಿಲ್ಲ. ಒಂದು ಬದಿ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ. ಇದನ್ನೆಲ್ಲ ನೀನೇ ಹೇಳಿಕೊಟ್ಟಿರಬೇಕು. ಆದರೆ ನಿನ್ನ ರೆಕಾರ್ಡಿನ ಮೇಲೆ ಮುಳ್ಳು ಇಡುವುದು ಯಾರ ಕೆಲಸವಾಗಿತ್ತು, ನೆನಪಿದೆಯಾ? ಸಾಹೇಬರ ಕೈ ನಡುಗುತ್ತೆ, ಡ್ರೈವರಣ್ಣನ ಕೈ ಸ್ಟಿಯರಿಂಗಿಗೇ ಸರಿ, ‘ನೀನೇ ಇಡು, ನಿನ್ನ ಕೈಗೆ ಸೂಜಿ ಗೊತ್ತು’ ಎಂದು ನನಗೊಬ್ಬಳಿಗೇ ಬಿಟ್ಟಿದ್ದೆ. ಈಗ ಅವರು ಇಡುತ್ತಾರೆ. ಚೆನ್ನಾಗಿಯೇ ಇಡುತ್ತಾರೆ. ದಿನವಿಡೀ ಜೀವಂತ ಮನುಷ್ಯರ ಬಾಯೊಳಗೆ ಕೊರೆಯುವ ಕೈ, ನಡುಗುವುದೇ ಇಲ್ಲ. ಒಂದು ಸಲವಾದರೂ ಜಾರಿ ಕಿರ್ ಎನ್ನಲಿ ಎಂದು ನಾನು ಉಸಿರು ಹಿಡಿದು ಕಾದೆ. ನಿನ್ನ ರೆಕಾರ್ಡಿಗೇ ಕೆಟ್ಟದ್ದು ಬಯಸಿದೆ ನೋಡು, ಅಷ್ಟರ ಮಟ್ಟಿಗೆ ತಲೆ ಕೆಟ್ಟಿತ್ತು.

ಆಮೇಲೆ ನನಗೊಂದು ನಿಧಿ ಸಿಕ್ಕಿತು. ನಮ್ಮ ಕೆಮ್ಮಿನ ಹಾಡುಗಾರ್ತಿಯ ರೆಕಾರ್ಡು ಹಾಕಿದರು. ಅದೇ, ಎರಡನೇ ಬದಿಯ ಕೊನೆಯ ಚರಣಕ್ಕೆ ಮುಂಚೆ ಆಕೆ ಸಣ್ಣಗೆ ಕೆಮ್ಮುವುದು ಕೇಳುತ್ತದಲ್ಲ, ಅದು. ಆಕೆ ಬಾಯಿ ತೆರೆದದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು. ಶ್ರುತಿ ಏರಿತ್ತು. ದನಿ ತೆಳ್ಳಗಾಗಿತ್ತು, ಹಾಡಿಗೆ ಏನೋ ಅವಸರ, ಹಾಲು ಒಲೆಯ ಮೇಲಿಟ್ಟು ಬಂದವಳು ಹಾಡಿದ ಹಾಗೆ. ಪ್ಲೇಯರಿನ ತಟ್ಟೆ ಬೇಕಾದದ್ದಕ್ಕಿಂತ ಜೋರಾಗಿ ಸುತ್ತುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಉಳಿದವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹೇಳಲಿಲ್ಲ ನಾನು. ಎಷ್ಟೋ ಭಾನುವಾರ ಹೇಳಲಿಲ್ಲ. ಒಣಗೋಡೆಯ ಮನೆ, ದಪ್ಪ ಪರದೆ, ನಡುಗದ ಕೈ, ಎಲ್ಲಾ ಇದ್ದೂ ಇವರಿಗೆ ಇಷ್ಟು ಗೊತ್ತಾಗುವುದಿಲ್ಲವಲ್ಲ ಎಂದು ಆ ಸುಖವನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ನೀನಿದ್ದಿದ್ದರೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದೆ ಎಂದೂ ಅಂದುಕೊಂಡೆ.

ಬಾಯಿ ಬಿಡಿಸಿದವರು ಸಾಹೇಬರು. ಹೋದ ತಿಂಗಳು ಅದೇ ರೆಕಾರ್ಡು ಮುಗಿದಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ಇಷ್ಟು ವರ್ಷ ಕೇಳಿದೀನಿ, ಈ ಹಾಡು ಇಷ್ಟು ಚೆನ್ನಾಗಿದೆ ಅಂತ ಈಗಲೇ ಗೊತ್ತಾಗಿದ್ದು” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಚೆನ್ನಾಗಿಲ್ಲ ಸಾಹೇಬರೇ, ಜೋರಾಗಿದೆ. ತಟ್ಟೆ ಓಡ್ತಾ ಇದೆ. ಇಷ್ಟು ದಿನ ಸುಮ್ಮನಿದ್ದೆ, ಹೊಸಬರ ಮನೇಲಿ ಯಾಕೆ ಹೇಳೋದು ಅಂತ” ಎಂದುಬಿಟ್ಟೆ.

ಡಾಕ್ಟರಮ್ಮನ ಮುಖ ಒಂದು ಕ್ಷಣ ಹೇಗೋ ಆಯಿತು. “ಇರಬಹುದು ಕಣ್ರೀ, ನಿಮ್ಮ ಕಿವಿ ಸೂಕ್ಷ್ಮ” ಎಂದಷ್ಟೇ ಹೇಳಿ ಟೀ ತರಲು ಎದ್ದರು. ಅಲ್ಲಿಗೆ ಬಿಡಬಹುದಿತ್ತು. ಅವರು ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಅವಮಾನವಾದ ಹಾಗಾಯಿತು. ‘ಇರಬಹುದು’ ಅಂದರೇನು? ಎಲ್ಲರ ಕಣ್ಣೆದುರೇ ತೋರಿಸುತ್ತೇನೆ ಎಂದು ಬಂದೆ.

ರೇಡಿಯೋ ರಿಪೇರಿಯವನು ಯಾವ ಕಾಲದಲ್ಲೋ ಕೊಟ್ಟಿದ್ದ ಗೆರೆ ಚಕ್ರ ನನ್ನ ಹತ್ತಿರ ಇತ್ತು. ರಟ್ಟಿನ ಬಿಲ್ಲೆ, ಸುತ್ತಲೂ ಕಪ್ಪು ಗೆರೆಗಳು. ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಲ್ಲಿ ಸುತ್ತಲು ಬಿಟ್ಟರೆ, ವೇಗ ಸರಿಯಿದ್ದಾಗ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಜೋರಾಗಿದ್ದರೆ ಮುಂದಕ್ಕೆ ಜಾರುತ್ತವೆ, ನಿಧಾನವಾದರೆ ಹಿಂದಕ್ಕೆ. ಮುಂದಿನ ಭಾನುವಾರ ಅದನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಯುದ್ಧಕ್ಕೆ ಹೊರಟವಳ ಹಾಗೆ ಹೋದೆ. ಪರದೆ ಎಳೆಸಿದೆ, ಟ್ಯೂಬ್‌ಲೈಟ್ ಹಾಕಿಸಿದೆ, ಮೂವರನ್ನೂ ಸುತ್ತ ನಿಲ್ಲಿಸಿದೆ. ಬಿಲ್ಲೆ ಇಟ್ಟೆ. ತಟ್ಟೆ ಸುತ್ತಿತು.

ಗೆರೆಗಳು ನಿಂತವು ಕಣೇ. ಮೊಳೆ ಹೊಡೆದ ಹಾಗೆ ನಿಂತವು. ನಾನು ಬಗ್ಗಿ ನೋಡಿದೆ, ಆ ಕಡೆಯಿಂದ ನೋಡಿದೆ, ಕೊನೆಗೆ “ನಿಮ್ಮನೆ ಕರೆಂಟೇ ಸರಿಯಿಲ್ಲ” ಎಂದೆ. ಡ್ರೈವರಣ್ಣ, “ಕರೆಂಟ್ ಏನ್ ಮಾಡ್ತಕ್ಕಾ ಪಾಪ” ಎಂದ. ಸಾಹೇಬರು ಕೆಮ್ಮಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ಬಚಾವಾಗುತ್ತಿದ್ದೆ.

ಟೀ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಡಾಕ್ಟರಮ್ಮ ಹಿಂದೆಯೇ ಬಂದರು. ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಿ. ನೀವು ಹೀಗನ್ನಬಹುದು ಅಂತ ಅವರು ಮೊದಲೇ ಹೇಳಿದ್ರು” ಎಂದರು.

“ಯಾರು?”

“ನಿಮ್ಮ ಗೆಳತಿ. ಪ್ಲೇಯರ್ ಕೊಟ್ಟ ದಿನಾನೇ. ನಿಮ್ಮ ಮನೇದು ಸ್ವಲ್ಪ ನಿಧಾನ ಓಡುತ್ತಂತೆ, ನಿಮ್ಮ ಕಿವಿ ಅದಕ್ಕೇ ಒಗ್ಗಿಬಿಟ್ಟಿದೆಯಂತೆ. ಇಲ್ಲಿ ಕೇಳಿದ್ರೆ ಜೋರು ಅನ್ಸುತ್ತೆ, ಏನಾದ್ರೂ ಅಂದ್ರೆ ಹೂಂ ಅಂದ್ಬಿಡಿ, ಅವಳ ಮನಸ್ಸು ನೋಯಿಸಬೇಡಿ ಅಂದಿದ್ರು. ನಾನು ಹೂಂ ಅಂದೆ, ನೀವೇ ಬಿಡಲಿಲ್ಲ.”

ಒಳ್ಳೆಯ ಹೆಂಗಸು ಆಕೆ. ಅದೇ ಕಷ್ಟ. ಜಂಬದವರಾಗಿದ್ದರೆ ದ್ವೇಷಿಸಿಕೊಂಡು ಸುಖವಾಗಿರಬಹುದಿತ್ತು. ಲೋಟ ಕೈಯಿಂದ ತೆಗೆದುಕೊಂಡು ನನ್ನ ಭುಜದ ಮೇಲೆ ಕೈಯಿಟ್ಟರು, ಹಲ್ಲು ಕೀಳಿಸಿಕೊಂಡವರಿಗೆ ಇಡುವ ಹಾಗೆ.

ಮನೆಗೆ ಬಂದು ಬಿಲ್ಲೆಯನ್ನು ನನ್ನ ಪ್ಲೇಯರಿನ ಮೇಲಿಟ್ಟೆ. ಗೆರೆಗಳು ಸಾಲಾಗಿ ಹಿಂದಕ್ಕೆ ನಡೆದವು. ತಟ್ಟೆ ಎತ್ತಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಹಳೆಯ ಲಂಗದ ಎಲಾಸ್ಟಿಕ್ಕಿನ ಹಾಗೆ ಜೋಲುಬಿದ್ದಿತ್ತು. ಕಂಡವರ ಸೊಂಟದ ಅಳತೆ ಕಣ್ಣಲ್ಲೇ ಹೇಳುವವಳು, ನನ್ನ ಮನೆಯ ಬೆಲ್ಟು ಸಡಿಲವಾದದ್ದು ನೋಡಿರಲಿಲ್ಲ. ಹೊಸದು ತರಿಸಿ ಹಾಕಿದೆ. ಕೆಮ್ಮಿನ ಹಾಡುಗಾರ್ತಿ ನನ್ನ ಹತ್ತಿರವೂ ಇದ್ದಾಳಲ್ಲ, ಅವಳನ್ನೇ ಹಾಕಿ ಕೇಳಿದೆ. ಅವರ ಮನೆಯ ಹಾಗೇ ಹಾಡಿದಳು. ನಮ್ಮವರು ಮಲಗಿದಲ್ಲಿಂದಲೇ, “ಈಗ ಬೇಗ ಮುಗಿಯುತ್ತಲ್ಲ, ಒಳ್ಳೇದಾಯ್ತು” ಎಂದರು. ಇಡೀ ದಿನ ಅವರ ಜೊತೆ ಮಾತು ಬಿಟ್ಟೆ.

ಇವತ್ತು ಕೂಟಕ್ಕೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ. ಈಗ ಅಲ್ಲಿ ವಾಲ್ವುಗಳು ಕೆಂಪಗಾಗಿರುತ್ತವೆ, ಹರಟೆ ನಿಂತಿರುತ್ತದೆ. ನನ್ನ ಜಾಗದಲ್ಲಿ ಯಾರು ಕೂತಿದ್ದಾರೋ. ಮುಂದಿನ ವಾರ ಹೋಗುತ್ತೇನೆ, ಹೋಗದೆ ಇರಲಾರೆ ಎಂದು ನಿನಗೂ ಗೊತ್ತು. ಅವರಿಗೂ ನೀನು ಹೇಳಿರುತ್ತೀಯ ಬಿಡು.

ಕಾಲಿಗೆ ಬಿಸಿನೀರು ಹಾಕಿಕೊ, ಪಾಳಿ ಬದಲಿಸಿಕೊಡಿ ಎಂದು ಬಾಯಿಬಿಟ್ಟು ಕೇಳು. ನಿನಗಿಂತ ಎರಡು ವರ್ಷ ದೊಡ್ಡವಳೆಂಬ ಅಧಿಕಾರದಲ್ಲಿ ಹರಸುತ್ತೇನೆ: ನಿನ್ನ ಮೈ ಗಟ್ಟಿಯಿರಲಿ, ನಿನ್ನ ರೋಗಿಗಳು ಬೇಗ ಎದ್ದು ಮನೆಗೆ ಹೋಗಲಿ, ಪಕ್ಕದ ಮನೆಯವರಿಗೆ ಒಳ್ಳೆಯ ನಿದ್ದೆ ಬರಲಿ.

ಇಂತಿ,
ನಿನ್ನ ದರ್ಜಿ

ತಾ.ಕ.: ಸಿಟ್ಟು ಪ್ಲೇಯರಿನದು ಎಂದುಕೊಂಡೇ ಇಷ್ಟು ಬರೆದೆ. ಮಡಚಲು ಹೋದವಳು ಮತ್ತೆ ಬಿಚ್ಚಿದ್ದೇನೆ. ನೀನು ಆ ಹಾಡುಗಳನ್ನು ನಿನ್ನ ಅಪ್ಪನ ಮನೆಯಲ್ಲಿ ಸರಿಯಾದ ವೇಗದಲ್ಲಿ ಕೇಳಿ ಬೆಳೆದವಳು. ನನ್ನ ಕೋಣೆಯಲ್ಲಿ ಮೊದಲ ದಿನವೇ ನಿನಗೆ ಗೊತ್ತಾಗಿರಬೇಕು. ಆದರೂ ವರ್ಷಗಟ್ಟಲೆ ಬಂದೆ, ನನ್ನ ಪಕ್ಕದಲ್ಲೇ ಕೂತೆ, ಹಾಡು ಮುಗಿದಾಗ ನನ್ನ ಕೈ ಅದುಮುತ್ತಿದ್ದೆ. ಆಗೆಲ್ಲ ನೀನು ನನ್ನ ಜೊತೆ ಹಾಡು ಕೇಳುತ್ತಿದ್ದೆಯಾ, ಇಲ್ಲ ನನ್ನನ್ನು ಸಹಿಸಿಕೊಳ್ಳುತ್ತಿದ್ದೆಯಾ? ಒಂದು ಮಾತು ಹೇಳಿದ್ದರೆ ಒಂದು ವಾರ ಮುಖ ಊದಿಸಿಕೊಂಡಿದ್ದು ಬೆಲ್ಟು ಬದಲಿಸುತ್ತಿದ್ದೆ, ಅಷ್ಟೇ ತಾನೇ? ಪ್ಲೇಯರ್ ಡಾಕ್ಟರಮ್ಮನ ಹತ್ತಿರವೇ ಇರಲಿ, ನನಗೆ ಬೇಡ. ಅವರಿಗೆ ಹೇಳಿದ ಹಾಗೆ ನನಗೂ ಒಂದು ಸಲ ನಿಜ ಹೇಳು.