ಹಿಂದಿನ ಮೆಟ್ಟಿಲಿನ ಅಕ್ಕಿ ಚೀಲಗಳು

ನಮ್ಮ ಮಲ್ಲಾಬಾಯಿಯ ಅಪ್ಪಾರಿಗೆ,

ನಾನು ಶಾಲೆಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಮೇಲಿದೆ. ಉಂಡು ಮಲಗಿಬಿಡಬೇಡಿರಿ.

ಕಕ್ಕೇರಾದಿಂದ ನಿಮ್ಮಣ್ಣ ಕಳಿಸಿದ ಅಕ್ಕಿ ಚೀಲಗಳನ್ನು ಹಿಂದಿನ ಮೆಟ್ಟಿಲಿನಿಂದ ಒಳಗೆ ತನ್ನಿರಿ. "ಅಲ್ಲಿ ಯಾರು ಓಡಾಡ್ತಾರ?" ಅಂದಿದ್ದಿರಲ್ಲ, ನಿನ್ನೆ ನಮ್ಮ ಕಟ್ಟಡದ ಬಿಲ್ಡರ್ ಹಣಮಂತ್ರಾಯರು ಓಡಾಡಿದರು. ಬೆಂಕಿ ಬಿದ್ದರೆ ನಾವೆಲ್ಲ ಇಳಿಯಬೇಕಾದ ದಾರಿ ಅದು. ಕಟ್ಟುವಾಗ ಅಲ್ಲಿ ಬಾಗಿಲು ಇಡದೆ ತಪ್ಪಿದ್ದು ತಾವೇ ಎಂದು ಒಪ್ಪಿಕೊಂಡು, ಯಾರೂ ಕೇಳದಿದ್ದರೂ ಬಂದು, ಪ್ರತಿ ಮಹಡಿಗೂ ಬೆಂಕಿ ತಡೆಯುವ ಬಾಗಿಲು ಕೂಡಿಸಿದ್ದಾರೆ. ಕೊನೆಗೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ತಾವೇ ಇಳಿದು ನೋಡಿದರು. ನಮ್ಮ ಚೀಲಕ್ಕೆ ಎಡವಿ ಬಿದ್ದರು.

ಬೈಯಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತಾ, "ಹೊಗಿ ತುಂಬಿದ್ರ ಹಿಂಗ ಆಗ್ತದ್ರಿ ಅಕ್ಕಾರ. ನಾ ಬಿದ್ದಿದ್ದ ಛಲೋ ಆತು" ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ಇಂಥ ಮನುಷ್ಯ ಕಟ್ಟಿದ ಮನೆಯಲ್ಲಿದ್ದೇವೆ ಎಂದು ಹೆಮ್ಮೆಯೂ ಆಯಿತು.

ಇವತ್ತು ಸಂಜೆ ಐದಕ್ಕೆ ಮತ್ತೊಮ್ಮೆ ಇಳಿದು ನೋಡಬೇಕಂತೆ. ಅವರ ಮೊಣಕಾಲು ಬಾತಿದೆ. ಅದಕ್ಕೇ ಈ ಸಲ ನಾನು ಇಳಿಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಟವೆಲ್ ನನ್ನ ಕಣ್ಣಿಗೆ ಕಟ್ಟುತ್ತಾರೆ. ಚೀಲ ಎತ್ತಿಡುವವರು ನೀವು.

ಅಮೃತಮ್ಮ