ಕೂಗಳತೆಯ ಊರು

ಡೋಣಿ ಬಯಲು, ಹದಿಮೂರನೆಯ ತಿಂಗಳ ಮೂವತ್ತಾರನೆಯ ದಿನ. ನಿಮ್ಮ ಎಣಿಕೆಯಲ್ಲಿ ೨೩೧೮.

ಈ ತಾರೀಖು ನಿಮಗೆ ಸುಳ್ಳೆನಿಸಬಹುದು. ದೂಳಿನ ಕಾಲ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ನಿಮ್ಮ ಕಾಲದ ಭೂಗೋಳದ ಪಠ್ಯಪುಸ್ತಕಗಳಿಂದ ಕಲಿತೆ. ಅವುಗಳನ್ನು ಬರೆಯುತ್ತಿರುವವರಿಗೇ ಈ ಪತ್ರ.

ನಾನು ಹರಹು-ಓದುಗ. ಅಂದರೆ ಎತ್ತರದಿಂದ ತೆಗೆದ ಚಿತ್ರ ನೋಡಿ, ಮನೆ, ಮರ, ಬಾವಿಗಳು ನೆಲದ ಮೇಲೆ ಹೇಗೆ ಹರಡಿವೆ ಎಂದು ಹೇಳುವವನು. ಕಚೇರಿಯ ನಮೂನೆಯಲ್ಲಿ ನಾಲ್ಕು ಕಲಂಗಳಿವೆ. ನಿಮ್ಮ ಪುಸ್ತಕದಿಂದಲೇ ಬಂದವು. ಕೆರೆಯ ಸುತ್ತ ಒತ್ತಾಗಿ ಕಟ್ಟಿಕೊಂಡರೆ ಗುಂಪು, ಕಾಲುವೆಯ ಉದ್ದಕ್ಕೂ ಕಟ್ಟಿಕೊಂಡರೆ ಸಾಲು, ಹೊಲಗಳ ನಡುವೆ ಒಂದೇ ಅಂತರದಲ್ಲಿ ನಿಂತಿದ್ದರೆ ಸಮದೂರ. ಯಾವ ಕಾರಣವೂ ಕಾಣದಿದ್ದರೆ ಅಡ್ಡಾದಿಡ್ಡಿ. ನಿಮ್ಮ ಮಕ್ಕಳಿಗೆ ಇದು ಎರಡು ಅಂಕದ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಅಡ್ಡಾದಿಡ್ಡಿ ಎನಿಸಿಕೊಂಡ ಊರಿಗೆ ನೀರಿನ ಕೊಳವೆ ಬರುವುದಿಲ್ಲ. ಅಲ್ಲಿಯ ಜನರನ್ನು ಎಬ್ಬಿಸಿ ಹೆದ್ದಾರಿಯ ಪಕ್ಕದ ಸಾಲುಮನೆಗಳಲ್ಲಿ ತುಂಬುತ್ತಾರೆ.

ಹೋದ ವರ್ಷ ಈ ಬಯಲಿನ ಐವತ್ಮೂರು ಮನೆಗಳ ಚಿತ್ರ ನನ್ನ ಮೇಜಿಗೆ ಬಂತು. ಪ್ರತಿ ಮನೆಗೂ ಅದರ ಹತ್ತಿರದ ಮನೆಗೂ ನಡುವಿನ ದೂರ ಅಳೆದೆ. ಒಂದು ಕಡೆ ಇನ್ನೂರು ಮೀಟರ್, ಇನ್ನೊಂದು ಕಡೆ ಆರುನೂರು. ಅಡ್ಡಾದಿಡ್ಡಿ ಎಂದು ಬರೆದು ಚಹಾ ಕುಡಿಯಲು ಎದ್ದೆ. ಐವತ್ಮೂರು ಮನೆಗಳಿಗೆ ನಾನು ಕೊಟ್ಟ ಸಮಯ ಅಷ್ಟೇ.

ಸ್ಥಳ ನೋಡಿ ಎರಡನೆಯ ಸಹಿ ಹಾಕಬೇಕೆಂಬುದು ನಿಯಮ; ಅದಿಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ. ಹಾಗಾಗಿ ಬಂದೆ. ಮಲಕವ್ವ ಎಂಬ ಮುದುಕಿ ನನ್ನ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮ್ಯಾಲಿಂದ ನೋಡಿದ್ರ ಬೋಳತಲಿ ಅಷ್ಟ ಕಾಣತೈತ್ರಿ ಸಾಹೇಬ್ರ, ಬಾಯಿ ಕಾಣಂಗಿಲ್ಲ" ಎಂದಳು. ಸುತ್ತ ನಿಂತವರು ನನ್ನ ತಲೆ ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಅವಳ ಮೊಮ್ಮಗಳು ನಿಂಬೆವ್ವ ಬೇರೆ ಮನೆ ಹೂಡಲು ಜಾಗ ಹುಡುಕಬೇಕಿತ್ತು. ಮಲಕವ್ವ ಹೊಸ್ತಿಲ ಮೇಲೆ ನಿಂತು ಅವಳ ಹೆಸರು ಕೂಗುತ್ತ ಹೋದಳು. ಹುಡುಗಿ ಬೆನ್ನು ತಿರುಗಿಸಿ ನಡೆಯುತ್ತ, ಪ್ರತಿ ಕೂಗಿಗೂ ಓಗೊಡುತ್ತ ಹೋದಳು. ಕೂಗು ಮುಟ್ಟಿ, ಓ ಎಂಬುದು ಮರಳಿ ಬಂದ ಕೊನೆಯ ಜಾಗದಲ್ಲಿ ಗೂಟ ಹೊಡೆದಳು. "ಇನ್ನೊಂದ ಹೆಜ್ಜಿ ಇಟ್ಟಿದ್ರ ಆಕಿ ನಮ್ಮಾಕಿ ಅಲ್ರಿ" ಎಂದು ಮುದುಕಿ ಉಸಿರು ಬಿಟ್ಟಳು.

ಇಲ್ಲಿ ಬಿರುಗಾಳಿ ನಿಂತ ಮೇಲೂ ದೂಳು ಹತ್ತು ದಿನ ಇಳಿಯುವುದಿಲ್ಲ. ಯಂತ್ರಗಳು ಸಾಯುತ್ತವೆ, ಚಾಚಿದ ಕೈ ಕಾಣುವುದಿಲ್ಲ. ಆಗ ಹೊಸ್ತಿಲಿನಿಂದ ಹೊಸ್ತಿಲಿಗೆ ಕೂಗು ದಾಟಿಸಿ ಯಾರಿಗೆ ಕಾಯಿಲೆ, ಯಾರ ನೀರು ಮುಗಿದಿದೆ ಎಂದು ತಿಳಿದುಕೊಳ್ಳುತ್ತಾರೆ. ಇನ್ನೂ ಹತ್ತಿರ ಕಟ್ಟಿದರೆ ಒಂದು ಮನೆಯ ಬಾವಿಯ ನೀರು ಇನ್ನೊಂದು ಮನೆಯ ಬಾವಿಗೆ ಇಳಿದುಹೋಗುತ್ತದೆ. ಬಯಲು ತೆರೆದಿರುವ ಕಡೆ ಕೂಗು ಆರುನೂರು ಮೀಟರ್ ಹೋಗುತ್ತದೆ. ದಿಬ್ಬ ಅಡ್ಡ ಬಂದರೆ ಇನ್ನೂರಕ್ಕೇ ನಿಲ್ಲುತ್ತದೆ. ಮೀಟರಿನಲ್ಲಿ ಅಳೆದು ನಾನು ಕೆಟ್ಟೆ. ಕೂಗಿನಲ್ಲಿ ಅಳೆದರೆ ಐವತ್ಮೂರೂ ಒಂದೇ ಅಂತರ. ಇಷ್ಟು ಕಟ್ಟುನಿಟ್ಟಾದ ಸಮದೂರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಿದ್ದಿ ಬರೆದೆ. ಕೂಗು ಅಂಗೀಕೃತ ಅಳತೆಯಲ್ಲ ಎಂದು ವರದಿ ವಾಪಸು ಬಂತು. ಮೊದಲು ಬರೆದದ್ದಕ್ಕೇ ಸಹಿ ಹಾಕಬೇಕಂತೆ. ಮೂರು ಸಲ ಕೇಳಿದರು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ನನ್ನ ಓದುಗ-ಪರವಾನಗಿ ಕಿತ್ತುಕೊಂಡಿದ್ದಾರೆ. ನಾನು ಇಲ್ಲೇ ಇದ್ದೇನೆ.

ಅಡ್ಡಾದಿಡ್ಡಿ ಹರಹು ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗಾಳಿಗೆ ಬಿದ್ದ ಬೀಜಗಳನ್ನು ನೋಡಿದ್ದೇನೆ. ಆದರೆ ಮನುಷ್ಯರ ಮನೆಗಳ ಎದುರು ಆ ಮಾತು ಬರೆಯುವ ಮುನ್ನ, ಅವರು ಯಾವುದರಿಂದ ಅಳೆದುಕೊಂಡರು ಎಂದು ಹೋಗಿ ಕೇಳಬೇಕು. ಇದೊಂದು ಸಾಲನ್ನು ನಿಮ್ಮ ಪಾಠದಲ್ಲಿ ಸೇರಿಸಿ. ಉತ್ತರ ಸಿಗದಿದ್ದರೆ ಆ ಕಲಮಿನಲ್ಲಿ "ನನಗೆ ಗೊತ್ತಿಲ್ಲ" ಎಂದು ಬರೆಯಲು ಮಕ್ಕಳಿಗೆ ಕಲಿಸಿ. ಅದಕ್ಕೂ ಎರಡು ಅಂಕ ಕೊಡಿ. ಕಚೇರಿ ಇನ್ನೊಬ್ಬ ಓದುಗನನ್ನು ಕಳಿಸಲಿದೆ. ಅವನೂ ನಿಮ್ಮ ಪುಸ್ತಕ ಓದಿಯೇ ಬರುತ್ತಾನೆ.

ನಿಂಬೆವ್ವನ ಮನೆಗೆ ನಿನ್ನೆ ಪಾಯ ತೋಡಿದೆವು. ಐವತ್ಮೂರು ಎಂದಿರುವಲ್ಲೆಲ್ಲ ಐವತ್ನಾಲ್ಕು ಎಂದು ತಿದ್ದಿಕೊಳ್ಳಿ.