ಹಳದಿ ಬಳ್ಳಿ ಮತ್ತೆ ಬಂತು

ಮಾರ್ಚ್ ೧೧, ಮಂಗಳವಾರ

ಕುದುರೆ ಮಸಾಲೆ ಮೇವಿನ ಹೊಲದಲ್ಲಿ ಆ ಹಳದಿ ಬಳ್ಳಿ ಮತ್ತೆ ಬಂದಿದೆ, ಯಾರೋ ನೂಲುಂಡೆ ಬಿಚ್ಚಿ ಚೆಲ್ಲಿದ ಹಾಗೆ. ಬೇರಿಲ್ಲ, ಎಲೆಯಿಲ್ಲ, ಸೊಪ್ಪಿನ ಕಾಂಡಕ್ಕೆ ಸುತ್ತಿಕೊಂಡು ಅದರ ರಸ ಹೀರಿಯೇ ಬದುಕುತ್ತದೆ.

ಕಳಪೆ ಬೀಜ ಕೊಟ್ಟನೆಂದು ಅತ್ತೆ ಬೀಜದಂಗಡಿಯವನನ್ನು ಹೊಲಕ್ಕೇ ಕರೆಸಿದರು. ಅವನು ಚೆನ್ನಾಗಿ ಬೈಸಿಕೊಂಡು, ಆಮೇಲೆ ಕೇಳಿದ:

"ಕಿತ್ತ ಬಳ್ಳೀನ ಏನ್ ಮಾಡ್ತೀರಮ್ಮ?"

"ಹಸೂಗೆ ಹಾಕ್ತೀವಿ. ಸುಮ್ನೆ ಬಿಸಾಡೋಕಾಗತ್ತಾ?"

"ಸಗಣಿ?"

"ಹೊಲಕ್ಕೆ. ಇನ್ನೆಲ್ಲಿಗೆ?"

ಅವನು ನಕ್ಕುಬಿಟ್ಟ. ಬಳ್ಳಿಯ ಬೀಜ ಹಸುವಿನ ಹೊಟ್ಟೆಯಲ್ಲೂ ಸಾಯುವುದಿಲ್ಲವಂತೆ. ಅಂದರೆ ಇಷ್ಟು ದಿನ ನಾವೇ ಅದನ್ನು ಗೊಬ್ಬರದ ಸಮೇತ ಬಿತ್ತುತ್ತಿದ್ದೆವು.

ಮಧ್ಯಾಹ್ನ ಬಳ್ಳಿ ಹಬ್ಬಿದ ಜಾಗದ ಮೇವನ್ನೆಲ್ಲ ಕೊಯ್ದು, ಒಣಹುಲ್ಲು ಸೇರಿಸಿ ಸುಟ್ಟೆವು. ಬೆಂಕಿಗಿಂತ ಹೊಗೆಯೇ ಹೆಚ್ಚು. ಅಷ್ಟು ಹಸಿರು ಮೇವು ಬೂದಿಯಾಗುವುದನ್ನು ನೋಡಲಾರದೆ ಅತ್ತೆ ಮನೆಗೆ ಹೊರಟುಹೋದರು. ಕೈಯಲ್ಲಿ ಒಂದು ಕಂತೆ ಇತ್ತೋ ಏನೋ, ಹೊಗೆಯಲ್ಲಿ ನಾನು ಗಮನಿಸಲಿಲ್ಲ.

ಸಂಜೆ ಹಾಲು ಕರೆಯಲು ಹೋದಾಗ ಹಸು ನೆಮ್ಮದಿಯಾಗಿ ಮೇಯುತ್ತಿತ್ತು. ಅದರ ಬಾಯಿಂದ ಹಳದಿ ಎಳೆಯೊಂದು ಜೋತಾಡುತ್ತಿತ್ತು.

ನಾಳೆ ಸಗಣಿ ಬಾಚುವ ಪಾಳಿ ನನ್ನದು. ಅದನ್ನು ಎಲ್ಲಿ ಹಾಕಲಿ?